ಪೊಲೀಸರಿಗೆಂದು ಇಟ್ಟ ಕಪ್

ಗ್ರೋದಾಲ್ ಕಣಿವೆಯಲ್ಲಿ ಐಲಿವ್ ಎಂದರೆ ಜನಕ್ಕೆ ಮೊದಲು ಅವನ ಮುಖ ನೆನಪಾಗುತ್ತಿರಲಿಲ್ಲ, ಹಾಲಿನ ಟ್ಯಾಂಕರ್ ನೆನಪಾಗುತ್ತಿತ್ತು. ಹರೆಯದಲ್ಲಿ ಅದರ ಸ್ಟೇರಿಂಗ್ ಹಿಡಿದವನು ತಲೆ ನರೆತ ಮೇಲೆಯೇ ಬಿಟ್ಟದ್ದು. ಹಿಮ ಮೊಣಕಾಲುದ್ದ ಬಿದ್ದಿರಲಿ, ರಸ್ತೆ ಮೇಲೆ ಐಸು ಕಟ್ಟಿರಲಿ, ಬೆಳಿಗ್ಗೆ ಕೊಟ್ಟಿಗೆಯ ಮುಂದೆ ಟ್ಯಾಂಕರ್ ಬಂದು ನಿಲ್ಲುವುದು ನಿಲ್ಲುವುದೇ. ಪೈಪು ಎಳೆದು, ಹಾಲು ತುಂಬಿಸಿಕೊಂಡು, ಒಮ್ಮೆ ತಲೆಯಾಡಿಸಿ ಹೊರಟುಬಿಡುತ್ತಿದ್ದ. ಮಾತು ಕಡಿಮೆ, ಕುಡಿತ ಅದಕ್ಕಿಂತ ಕಡಿಮೆ. ಕ್ರಿಸ್ಮಸ್ಸಿಗೊಂದು ಗುಟುಕು, ಬೇಟೆಯ ಹಂಗಾಮು ಮುಗಿದ ದಿನ ಒಂದು ಗುಟುಕು; ಮಾರನೆಯ ದಿನ ಗಾಡಿ ಹತ್ತುವುದಿದ್ದರೆ ಅದೂ ಬೇಡ. ಇಂಥವನ ಮೇಲೆ ಕುಡಿತದ ಕೇಸು ಬಿತ್ತೆಂದರೆ ಕೇಳಿದವರು ನಗಬೇಕು. ಮೊದಮೊದಲು ನಕ್ಕರು ಕೂಡ.

ಅವನ ಹೆಂಡತಿ ಓಡ್ನಿ ಸೇತುವೆ ಪಕ್ಕದಲ್ಲಿ ಕಾಫಿ ಅಂಗಡಿ ಇಟ್ಟಿದ್ದವಳು. ಮಕ್ಕಳಿರಲಿಲ್ಲ, ಬಂದವರಿಗೆ ಬಡಿಸುವುದೇ ಅವಳಿಗೆ ಸಂಸಾರ. ಮನೆಯ ಗಾಜಿನ ಬೀರುವಿನಲ್ಲಿ ಅವಳ ಅಜ್ಜಿಯ ಕಾಲದ, ಚಿನ್ನದ ಅಂಚಿನ ಕಾಫಿ ಕಪ್ಪುಗಳಿದ್ದವು. ಪಾದ್ರಿ ಬಂದರೆ, ಡಾಕ್ಟರು ಬಂದರೆ, ಯಾರಾದರೂ ಮೊದಲ ಸಲ ಹೊಸಿಲು ದಾಟಿದರೆ ಮಾತ್ರ ಅವು ಕೆಳಗಿಳಿಯುತ್ತಿದ್ದವು. ಒಮ್ಮೆ ತೆರಿಗೆ ಇಲಾಖೆಯವನೊಬ್ಬ ಬರುತ್ತೇನೆಂದು ಹೇಳಿ ಬಾರದೆ ಹೋದ. ಐಲಿವ್ ಅವನಿಗೆಂದು ಇಟ್ಟ ಕಪ್ಪನ್ನು ಎತ್ತಿ ಬೀರುವಿಗೆ ಇಡಹೋದಾಗ ಓಡ್ನಿ ಅವನ ಕೈ ಹಿಡಿದಳು. "ಒಬ್ರಿಗೇಂತ ಇಟ್ಟ ಮೇಲೆ ಅದು ಅವ್ರದ್ದು. ಕೊಟ್ಟು ಕಿತ್ಕೊಂಡ ಹಾಗಾಗತ್ತೆ, ಬಿಡು" ಎಂದಿದ್ದಳು. ಆ ಕಪ್ ಸಂಜೆಯವರೆಗೂ ಮೇಜಿನ ಮೇಲೆ ಹಾಗೇ ಇತ್ತು.

ಅಂಥ ಓಡ್ನಿಗೆ ಮರೆವಿನ ಕಾಯಿಲೆ ಬಂತು. ಮೊದಲು ಒಲೆ ಮೇಲಿಟ್ಟ ಪಾತ್ರೆ ಮರೆತಳು, ಆಮೇಲೆ ಅಂಗಡಿಯ ದಾರಿ ಮರೆತಳು, ಕಡೆಗೆ ಹಸಿವನ್ನೇ ಮರೆತಳು. ಬೆಟ್ಟಗಳ ನಡುವೆ ಒಳನುಗ್ಗಿದ ಕಡಲಿನ, ಅಂದರೆ ಫ್ಯೋರ್ಡಿನ, ತುದಿಯ ಪಟ್ಟಣದಲ್ಲಿರುವ ಆರೈಕೆ ಮನೆಯಲ್ಲಿ ಅವಳಿಗೊಂದು ಕೋಣೆ ಸಿಕ್ಕಿತು. ಅಲ್ಲಿಗೆ ಐಲಿವನ ಮನೆಯಿಂದ ಮುಕ್ಕಾಲು ಗಂಟೆಯ ದಾರಿ. ಅಲ್ಲಿನ ಹುಡುಗಿಯರು ಒಳ್ಳೆಯವರೇ, ಪಾಪ, ಚಮಚ ಹಿಡಿದು ಗೋಗರೆಯುತ್ತಿದ್ದರು. ಓಡ್ನಿ ಬಾಯಿ ಬಿಡುತ್ತಿರಲಿಲ್ಲ. "ನನ್ನ ಯಜಮಾನ್ರು ಬರ್ಲಿ, ಆಮೇಲೆ" ಎನ್ನುವಳು. ಎದುರಿಗೆ ಐಲಿವ್ ನಿಂತರೂ ಅವನ ಮುಖದಿಂದ ಅವಳಿಗೆ ಗುರುತು ಹತ್ತುತ್ತಿರಲಿಲ್ಲ. ಅವಳಿಗೆ ಗುರುತು ಗಾಡಿಯಿಂದ. ನಲವತ್ತು ವರ್ಷ ಕಿಟಕಿಯಲ್ಲಿ ನಿಂತು ಟ್ಯಾಂಕರಿನ ದೀಪ ಕಾದ ಹೆಂಗಸು ಅವಳು.

"ಗಾಡಿ ಎಲ್ಲಿ ನಿಲ್ಸಿದ್ದೀಯ?" ಎಂದು ದಿನಾ ಕೇಳುವಳು.

"ನೋಡು ಅಲ್ಲಿ, ದೀಪದ ಕಂಬದ ಕೆಳಗೆ."

ಅವಳು ಕಿಟಕಿಗೆ ಹಣೆಯಿಟ್ಟು ನೋಡುವಳು. ದೀಪದ ಕೆಳಗೆ ಅವರ ಹಳೆಯ ಕೆಂಪು ಕಾರು. ಅವನು ಅದರಿಂದ ಇಳಿದು ಬಂದದ್ದನ್ನು ಕಣ್ಣಾರೆ ಕಂಡಿದ್ದರೆ ಮಾತ್ರ ಅವನು ಅವನೇ. ಆಗ ಕುರ್ಚಿಗೆ ಬಂದು ಕೂತು, ಮಗುವಿನ ಹಾಗೆ ಬಾಯಿ ತೆರೆಯುವಳು. ದಾಲ್ಚಿನ್ನಿ ಸಕ್ಕರೆ ಉದುರಿಸಿದ ಗಂಜಿಯ ಒಂದು ಬಟ್ಟಲು, ಕೆಲವು ದಿನ ಬ್ರೆಡ್ಡಿನ ಮೇಲೆ ಕಂದು ಚೀಸಿನ ಒಂದು ತುಂಡು. ದಿನಕ್ಕೆ ಅವಳ ಹೊಟ್ಟೆ ಸೇರುತ್ತಿದ್ದದ್ದು ಅದೊಂದೇ ಹೊತ್ತಿನ ಊಟ. ಹಾಗಾಗಿ ಐಲಿವ್ ಒಂದು ಸಂಜೆಯನ್ನೂ ತಪ್ಪಿಸಿದವನಲ್ಲ.

ನವೆಂಬರಿನ ಒಂದು ಸಂಜೆ ಅವಳಿಗೆ ಉಣಿಸಿ ಹಿಂತಿರುಗುತ್ತಿದ್ದ. ಮನೆ ಇನ್ನೇನು ಒಂದು ತಿರುವು ದೂರ. ಕಾಡಿನಿಂದ ಮೂಸ್ ಕಡವೆಯ ಮರಿಯೊಂದು ರಸ್ತೆಗೆ ಹಾರಿತು. ಮರಿ ಎಂದರೆ ನಮ್ಮ ಕಡೆ ಅದೂ ಹಸುವಿನ ಗಾತ್ರವೇ. ಬ್ರೇಕು ಒತ್ತಿದ, ಐಸಿನ ಮೇಲೆ ಬ್ರೇಕು ಏನು ಮಾಡೀತು. ಢಬ್ ಎಂದಿತು, ಒಂದು ದೀಪ ಒಡೆಯಿತು. ಮರಿ ಬಿದ್ದು, ಎದ್ದು, ಹಿಂದಿನ ಕಾಲು ಎಳೆಯುತ್ತ ಕಾಡಿಗೆ ನುಗ್ಗಿತು. ತಾಯಿ ಮಾತ್ರ ರಸ್ತೆಯ ನಡುವೆ ನಿಂತು ಅವನನ್ನೇ ನೋಡುತ್ತಿತ್ತು. ಅದು ಸರಿಯುವವರೆಗೆ ಅವನು ಸ್ಟೇರಿಂಗ್ ಹಿಡಿದು ಸುಮ್ಮನೆ ಕೂತಿದ್ದ. ಆಮೇಲೆ ಇಳಿದು, ಮರಿ ಹೋದ ಕಡೆಯ ಮರಕ್ಕೆ ಗುರುತಿಗೆಂದು ತನ್ನ ಮಫ್ಲರ್ ಕಟ್ಟಿ, ಮೆಲ್ಲಗೆ ಮನೆ ಸೇರಿದ.

ಬಂದವನೇ ಪೊಲೀಸರಿಗೆ ಫೋನ್ ಮಾಡಿದ. ಹಾಗೆ ಮಾಡಬೇಕೆಂಬುದು ಕಾನೂನು, ಮಾಡದೆ ಗಾಯದ ಪ್ರಾಣಿಯನ್ನು ಬಿಟ್ಟು ಮಲಗುವುದು ಪಾಪ. ಫೋನಿನಲ್ಲಿದ್ದ ಹೆಂಗಸು ಎಲ್ಲ ಬರೆದುಕೊಂಡಳು. "ಪುರಸಭೆಯ ಇಬ್ರು ನಾಯಿ ಕರ್ಕೊಂಡು ಹುಡುಕೋಕೆ ಬರ್ತಾರೆ. ನಮ್ಮ ಗಾಡಿನೂ ಆ ಕಡೆನೇ ಇದೆ, ಪುರುಸೊತ್ತಾದ್ರೆ ಬಂದು ನೋಡ್ಕೊಂಡ್ ಹೋಗ್ತಾರೆ" ಎಂದಳು. ಸರಿ, ಮನೆಗೆ ಜನ ಬರುತ್ತಾರೆ. ಐಲಿವ್ ಕಾಫಿಗೆ ನೀರಿಟ್ಟ. ತನಗೊಂದು, ಹುಡುಕುವವರಿಗೆ ಎರಡು, ಹೀಗೆ ದಿನದ ಕಪ್ಪುಗಳನ್ನು ಮೇಜಿಗೆ ತಂದ. ಆಮೇಲೆ ಗಾಜಿನ ಬೀರು ತೆರೆದು, ಚಿನ್ನದ ಅಂಚಿನದೊಂದು ಕಪ್ ತೆಗೆದು ಒರೆಸಿ, ಕಿಟಕಿಯ ಬಳಿಯ ಜಾಗದಲ್ಲಿ ಇಟ್ಟ. ಈ ಮನೆಗೆ ಪೊಲೀಸರು ಹಿಂದೆಂದೂ ಬಂದಿರಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಮಾಗ್ನಾರ್ ಬಂದ. ಕಾರಿನ ಒಂದೇ ದೀಪ ಉರಿಯುತ್ತಿದ್ದುದನ್ನು ತನ್ನ ಕಿಟಕಿಯಿಂದ ನೋಡಿದ್ದ. ಮಾಗ್ನಾರನ ಬಗ್ಗೆ ಏನು ಹೇಳುವುದು. ಇಪ್ಪತ್ತು ವರ್ಷ ಕುಡಿದೇ ಗಾಡಿ ಓಡಿಸಿದ, ಒಂದು ಸಲ ಟ್ರ್ಯಾಕ್ಟರನ್ನು ಚರ್ಚಿನ ಕಾಂಪೌಂಡಿಗೆ ಗುದ್ದಿ ಸಿಕ್ಕಿಬಿದ್ದ, ಲೈಸೆನ್ಸು ಕಳೆದುಕೊಂಡ, ಆಮೇಲೆ ಅದನ್ನು ಕೇಳುವ ಗೋಜಿಗೇ ಹೋಗಲಿಲ್ಲ. ಈಗ ಓಡಾಟವೆಲ್ಲ ಒದ್ದು ನೂಕುವ ಹಿಮದ ಬಂಡಿಯಲ್ಲಿ. ಅವನ ಕೋಟಿನ ಒಳಜೇಬಿನಲ್ಲಿ ಮನೆಯಲ್ಲೇ ಬಟ್ಟಿ ಇಳಿಸಿದ ಸಾರಾಯಿಯ ಬಾಟಲಿ ಯಾವಾಗಲೂ ಇರುವಂಥದ್ದು.

"ಹೆದರಿಬಿಟ್ಟಿದ್ದೀಯ ನೀನು" ಎಂದ ಮಾಗ್ನಾರ್. ತಾನೇ ಒಂದು ಕಪ್ ತಂದು ಕೂತ. ಐಲಿವನ ಕಪ್ಪಿಗೆ ಅರ್ಧ ಕಾಫಿ ಬಗ್ಗಿಸಿ, ಉಳಿದರ್ಧ ಬಾಟಲಿಯಿಂದ ತುಂಬಿಸಿದ. ಈ ಸೀಮೆಯಲ್ಲಿ ಹೆದರಿದವನಿಗೂ, ಹೆಣ ಹೊತ್ತು ಬಂದವನಿಗೂ ಕೊಡುವುದು ಇದನ್ನೇ.

"ಬೇಡ ಮಾರಾಯ."

"ಇವತ್ತು ಇನ್ನ ಗಾಡಿ ಹತ್ತೋದಿದ್ಯಾ?"

"ಇಲ್ಲ."

"ಮತ್ತೆ?"

ಐಲಿವ್ ಕಪ್ಪನ್ನು ಹತ್ತಿರ ಎಳೆದುಕೊಂಡ. ಗಾಡಿ ಓಡಿಸುವ ಮುಂಚೆ ಕುಡಿಯಬಾರದು, ಅದು ಅವನಿಗೆ ಗೊತ್ತು. ಓಡಿಸಿ, ಕೀಲಿ ಮೊಳೆಗೆ ನೇತುಹಾಕಿ, ತನ್ನ ಅಡುಗೆಮನೆಯಲ್ಲಿ ಕೂತ ಮೇಲೆ ಕುಡಿಯಬಾರದೆಂದು ಯಾರು ಹೇಳಿದ್ದರು? ಕುಡಿದ. ಬೆಚ್ಚಗಾಯಿತು. ಆ ತಾಯಿ ಕಡವೆಯ ಕಣ್ಣು ಸ್ವಲ್ಪ ದೂರ ಸರಿಯಿತು. ಇನ್ನೊಂದು ಕಪ್ಪನ್ನೂ ಬೇಡವೆನ್ನಲಿಲ್ಲ.

ಕಡವೆ ಹುಡುಕುವವರಿಗಿಂತ ಮೊದಲೇ ಪೊಲೀಸ್ ಗಾಡಿ ಬಂತು. ಜೊತೆಗಾರ ಹೊರಗೆ ಕಾರಿನ ಒಡೆದ ದೀಪ ನೋಡುತ್ತ ನಿಂತ. ಒಳಗೆ ಬಂದವಳು ಮಾರ್ಟೆ, ಮೇಲಿನ ಹೊಲದ ಮನೆಯ ಹುಡುಗಿ. ಅವಳ ಅಪ್ಪನ ಕೊಟ್ಟಿಗೆಯಿಂದ ಐಲಿವ್ ಹಾಲು ತುಂಬಿಸಿಕೊಳ್ಳುತ್ತಿದ್ದಾಗ ಟ್ಯಾಂಕರಿಗೆ ಕೈ ಬೀಸುತ್ತಿದ್ದವಳು, ಈಗ ಸೊಂಟಕ್ಕೆ ಬೆಲ್ಟು ಕಟ್ಟಿ ನಿಂತಿದ್ದಳು. ಐಲಿವನಿಗೆ ಖುಷಿಯೇ ಆಯಿತು. ಕಿಟಕಿಯ ಪಕ್ಕ ಕೂರಿಸಿ, ಚಿನ್ನದಂಚಿನ ಕಪ್ಪಿಗೆ ಬರೀ ಕಾಫಿ ಬಗ್ಗಿಸಿದ. ಅವಳು ಎರಡು ಗುಟುಕು ಕುಡಿದಳು, ಮೂಗು ಚುರುಕಾಯಿತು.

"ಐಲಿವ್ ಅವ್ರೇ, ನೀವು ಕುಡಿದಿದ್ದೀರಾ?"

"ಹೂಂ. ಮನೆಗೆ ಬಂದ್ಮೇಲೆ, ಎರಡು ಕಪ್."

ಅವಳ ಮುಖ ಬಿಳುಚಿತು. "ನಮಗೆ ಫೋನ್ ಮಾಡೋಕೆ ಮುಂಚೆ ಕುಡಿದಿದ್ರಾ, ಅಥ್ವಾ..." ಎಂದು ಮಾತನ್ನು ಅರ್ಧಕ್ಕೇ ಬಿಟ್ಟಳು. ಅದು ತಪ್ಪಿಸಿಕೊಳ್ಳಲು ಅವಳು ತೆರೆದ ಬಾಗಿಲು. ಅವನಿಗೆ ಅದು ಬಾಗಿಲೆಂದೇ ತಿಳಿಯಲಿಲ್ಲ.

"ಛೆ, ಮೊದಲು ಫೋನು. ಕೆಲಸ ಮುಗಿದ ಮೇಲೇ ಕಾಫಿ."

ಮಾರ್ಟೆ ಕಪ್ಪನ್ನು ಕೆಳಗಿಟ್ಟು ಜೊತೆಗಾರನನ್ನು ಕರೆದಳು. ಅವನು ಮೇಜಿನ ಫೋಟೋ ತೆಗೆದುಕೊಂಡ. ಐಲಿವನನ್ನು ರಕ್ತ ಪರೀಕ್ಷೆಗೆ ಕರೆದೊಯ್ದರು. ಒಂದು ಸಲ ಚುಚ್ಚಿ, ಕಾಯಿಸಿ, ಮತ್ತೆ ಚುಚ್ಚಿದರು.

ಕೆಲವು ವಾರಗಳ ಮೇಲೆ ಪಟ್ಟಣದ ವಕೀಲೆ ಸಿನ್ನೋವೆ ಅವನಿಗೆ ವಿಷಯ ಬಿಡಿಸಿ ಹೇಳಿದಳು. ನಡುವಯಸ್ಸಿನ ಹೆಂಗಸು, ಸುತ್ತಿಬಳಸಿ ಮಾತಾಡುವವಳಲ್ಲ. ಮಾಗ್ನಾರ್ ಕೂಡ ಬಂದು ಪಕ್ಕದ ಕುರ್ಚಿಯಲ್ಲಿ ಕೂತಿದ್ದ.

"ನಿಮ್ಮ ರಕ್ತ ನಿಮ್ಮ ಪರವಾಗೇ ಇದೆ" ಎಂದಳು. "ಎರಡು ಸಲ ತೆಗೆದಾಗ ಎರಡನೇದ್ರಲ್ಲಿ ಜಾಸ್ತಿ ಬಂದಿದೆ. ಅಂದ್ರೆ ಸ್ವಲ್ಪ ಮುಂಚೆ ಕುಡಿದದ್ದು, ಇನ್ನೂ ಏರ್ತಾ ಇತ್ತು. ಗಾಡಿ ಓಡಿಸುವಾಗ ನೀವು ಕುಡಿದಿರ್ಲಿಲ್ಲ ಅಂತ ಪೊಲೀಸರೇ ಒಪ್ತಾರೆ. ಅದಕ್ಕೇ ತೀರ್ಪು ಬರೋ ತನಕ ಲೈಸೆನ್ಸು ನಿಮ್ಮ ಹತ್ರಾನೇ ಇರ್ಲಿ ಅಂದ್ರು."

"ಮುಗೀತಲ್ಲ ಹಾಗಾದ್ರೆ" ಎಂದ ಮಾಗ್ನಾರ್.

"ಇಲ್ಲ. ಗಾಡಿ ಓಡಿಸಿದ ಮೇಲೆ ಆರು ಗಂಟೆ, ಪೊಲೀಸರು ವಿಚಾರಿಸೋಕೆ ಬರಬಹುದು ಅಂತ ಗೊತ್ತಿದ್ರೆ ಕುಡಿಯೋ ಹಾಗಿಲ್ಲ. ಕುಡಿದ್ರೆ ಅದೇ ಒಂದು ಅಪರಾಧ. ಕುಡಿದು ಓಡಿಸಿದ್ದಕ್ಕೆ ಏನು ಶಿಕ್ಷೆನೋ ಹೆಚ್ಚುಕಮ್ಮಿ ಅದೇ ಶಿಕ್ಷೆ."

"ಎಂಥ ಹುಚ್ಚು ಕಾನೂನು ಇದು. ಯಾವನು ಮಾಡಿದ್ದು?"

ಸಿನ್ನೋವೆ ಕನ್ನಡಕದ ಮೇಲಿಂದ ಅವನನ್ನು ನೋಡಿದಳು. "ನಿಮ್ಮಂಥವ್ರಿಗೇ ಅಂತ ಮಾಡಿದ್ದು. ಚರ್ಚಿನ ಗೋಡೆ ಕೇಸಲ್ಲಿ ಪೊಲೀಸರು ಬಂದಾಗ ಅವ್ರ ಕಣ್ಣೆದುರೇ ಬಾಟ್ಲಿ ಎತ್ತಿ ಗಟಗಟ ಕುಡಿದೋರು ನೀವೇ ಅಲ್ವಾ? ಗುದ್ದೋ ಮುಂಚೆ ಎಷ್ಟು ಕುಡಿದಿದ್ರಿ ಅಂತ ಗೊತ್ತಾಗ್ಬಾರ್ದು ಅಂತ?"

ಮಾಗ್ನಾರ್ ಕೆಮ್ಮಿದ. ಈ ಕಾನೂನು ಬರೆದವರ ಮೇಲೆ ನನಗೂ ಸಿಟ್ಟಿದೆ, ಆದರೆ ಪೂರ್ತಿ ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲ. ಕಳ್ಳರಿಗೆಂದು ಹಾಕಿದ ಬಲೆಗೆ ಕಳ್ಳರು ಬೀಳುವುದು ಕಡಿಮೆ, ಅವರಿಗೆ ಅದು ಎಲ್ಲಿದೆಯೆಂದು ಮೊದಲೇ ಗೊತ್ತಿರುತ್ತದೆ.

ಐಲಿವ್ ಮುಂದಕ್ಕೆ ಬಾಗಿದ. "ಲೈಸೆನ್ಸು?" ಎಂದ.

"ತಪ್ಪು ಒಪ್ಕೊಂಡ್ರೆ ದಂಡ ಸ್ವಲ್ಪ ಇಳಿಯತ್ತೆ, ಜೈಲಿನ ದಿನಗಳನ್ನ ಅಮಾನತಿನಲ್ಲಿ ಇಡ್ತಾರೆ, ಕೋರ್ಟಲ್ಲಿ ಎಳೆದಾಡೋದು ತಪ್ಪತ್ತೆ."

"ಲೈಸೆನ್ಸು?"

"ಹೋಗತ್ತೆ. ಒಂದೂವರೆ ವರ್ಷ ಅಂತಿಟ್ಕೊಳ್ಳಿ."

"ನನ್ನ ಹೆಂಡ್ತಿ ವಿಷ್ಯ ಹೇಳಿದ್ರೆ?"

"ಹೇಳೋಣ. ಕೇಳ್ತಾರೆ, ಅಯ್ಯೋ ಅಂತಾರೆ. ಆದ್ರೆ ಎಲ್ಲಾರ ಮನೇಲೂ ಒಂದಲ್ಲ ಒಂದು ಕಷ್ಟ ಇರತ್ತೆ ಅಂತ ಕೋರ್ಟು ಅದಕ್ಕೆ ಜಾಸ್ತಿ ಬೆಲೆ ಕೊಡಲ್ಲ." ಅವಳು ಫೈಲಿನಿಂದ ಒಂದು ಫೋಟೋ ತೆಗೆದು ಮೇಜಿನ ಮೇಲೆ ಸರಿಸಿದಳು. ಅವನ ಅಡುಗೆಮನೆಯ ಮೇಜು, ಕಪ್ಪುಗಳು, ಕಿಟಕಿಯ ಬಳಿ ಚಿನ್ನದ ಅಂಚಿನದು. "ಉಳಿದಿರೋದು ಒಂದೇ ದಾರಿ. ಪೊಲೀಸರು ಬರ್ತಾರೆ ಅಂತ ನಿಮಗೆ ಅನ್ನಿಸಿರ್ಲಿಲ್ಲ ಅಂತ ಆದ್ರೆ ಕೇಸು ನಿಲ್ಲಲ್ಲ. ಫೋನಲ್ಲಿ ಪುರುಸೊತ್ತಾದ್ರೆ ಅಂದಿದ್ದಾರೆ, ಅಷ್ಟೇ. ಕಡವೆ ಹುಡುಕೋರು ಮಾತ್ರ ಬರ್ತಾರೆ ಅಂತ ಯಾರು ಬೇಕಾದ್ರೂ ಅಂದ್ಕೋಬಹುದು. ಆದ್ರೆ ಈ ಕಪ್ ಯಾರಿಗೆ ಇಟ್ಟಿದ್ದು ಅಂತ ಕೇಳ್ತಾರೆ."

ಐಲಿವ್ ಫೋಟೋವನ್ನು ಹತ್ತಿರ ಎಳೆದು ನೋಡಿ, ಹಿಂದಕ್ಕೆ ಸರಿಸಿದ.

"ಏನು ಹೇಳ್ಬೇಕು ಅಂತ ನಾನು ಹೇಳ್ಕೊಡಲ್ಲ, ಹೇಳ್ಕೊಡಬಾರ್ದು" ಎಂದಳು ಸಿನ್ನೋವೆ, ಫೋಟೋವನ್ನು ಫೈಲಿಗೆ ಸೇರಿಸುತ್ತ. "ಸಾಕ್ಷಿಗಳು ಸತ್ಯ ಹೇಳ್ತೀವಿ ಅಂತ ಮಾತು ಕೊಡ್ಬೇಕು, ಸುಳ್ಳು ಹೇಳಿದ್ರೆ ಅವ್ರಿಗೆ ಶಿಕ್ಷೆ. ಆರೋಪಿಗೆ ಅದಿಲ್ಲ. ಅವನೇನು ಹೇಳಿದ್ರೂ ಅದಕ್ಕೆ ಅಂತ ಬೇರೆ ಕೇಸು ಹಾಕಲ್ಲ. ಇದು ಕಾನೂನು, ತಿಳ್ಕೊಂಡಿರಿ. ಆ ಸಂಜೆ ನಿಮ್ಮ ತಲೇಲಿ ಏನಿತ್ತು ಅನ್ನೋದು ನಿಮಗೊಬ್ರಿಗೇ ಗೊತ್ತು."

ಹಿಂತಿರುಗುವಾಗ ಕಾರಿನಲ್ಲಿ ಮಾಗ್ನಾರ್ ಬಿಡಲಿಲ್ಲ. "ಕೇಳಿಸ್ಕೊಂಡ್ಯಲ್ಲ? ಸುಳ್ಳು ಹೇಳೋಕೆ ಸರ್ಕಾರವೇ ಲೈಸೆನ್ಸು ಕೊಟ್ಟಿದೆ ನಿಂಗೆ. ಯಾರಾದ್ರೂ ಬಂದ್ರೆ ಇರ್ಲಿ ಅಂತ ಇಟ್ಟೆ ಅನ್ನು. ಹತ್ತು ಮಾತು ಬೇಡ, ಅಷ್ಟೇ ಸಾಕು."

"ಹೂಂ."

"ಹೂಂ ಅಂದ್ರೆ ಹೇಳ್ತೀಯೋ ಇಲ್ವೋ?"

"ಹೇಳ್ತೀನಿ. ಓಡ್ನಿ ಉಪವಾಸ ಬೀಳ್ತಾಳೆ, ಹೇಳದೆ ಏನು ಮಾಡ್ಲಿ."

"ನಾನು ಇಪ್ಪತ್ತು ವರ್ಷ ಕುಡಿದು ಓಡ್ಸಿ ಒಂದ್ಸಲ ಸಿಕ್ಬಿದ್ದೆ. ನೀನು ಕುಡೀದೆ ಓಡ್ಸಿ ಮೊದಲನೇ ಸಲಕ್ಕೇ ಸಿಕ್ಬಿದ್ದೆ. ಅದೂ ನಾನು ಸುರಿದದ್ರಿಂದ." ಮಾಗ್ನಾರ್ ಮುಖ ಕಿಟಕಿ ಕಡೆ ತಿರುಗಿಸಿದ.

ಫೆಬ್ರವರಿಯಲ್ಲಿ ವಿಚಾರಣೆ. ಐಲಿವ್ ಮದುವೆಗೆ ಹೊಲಿಸಿದ ಸೂಟು ಹಾಕಿಕೊಂಡು ತಾನೇ ಕಾರು ಓಡಿಸಿಕೊಂಡು ಹೋದ. ದಾರಿಯುದ್ದಕ್ಕೂ ಆ ಒಂದು ಮಾತನ್ನು ಬಾಯಲ್ಲೇ ಉರು ಹೊಡೆದ: ಯಾರಾದ್ರೂ ಬಂದ್ರೆ ಇರ್ಲಿ ಅಂತ ಇಟ್ಟೆ. ಎದುರಿನ ಎತ್ತರದ ಮೇಜಿನಲ್ಲಿ ನರೆಗೂದಲಿನ ನ್ಯಾಯಾಧೀಶೆ, ಆಚೆಗೊಬ್ಬ ಈಚೆಗೊಬ್ಬಳು ಊರಿನ ಜನರಿಂದ ಆರಿಸಿದ ಪಂಚರು. ಆ ಹೆಂಗಸು ಪಟ್ಟಣದಲ್ಲಿ ಕೂದಲು ಕತ್ತರಿಸುವವಳು, ಅವನಿಗೆ ಮುಖ ಪರಿಚಯ. ಮೊದಲು ಐಲಿವ್ ಎದ್ದು ನಿಂತು ನಡೆದದ್ದು ಹೇಳಿದ. ಕಡವೆ ಹುಡುಕುವವರು ಬರುತ್ತಾರೆಂದುಕೊಂಡಿದ್ದೆ ಎಂದ. ಅದು ಸುಳ್ಳಲ್ಲವಲ್ಲ. ಅಷ್ಟು ಹೇಳುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು.

ಮಾಗ್ನಾರ್ ಸಾಕ್ಷಿ ಹೇಳಿದ. ಸಾರಾಯಿ ಎಲ್ಲಿಂದ ಬಂತೆಂದು ಪೊಲೀಸರ ಕಡೆಯ ವಕೀಲ ಕೇಳಿದ್ದಕ್ಕೆ "ಜೇಬಿಂದ" ಎಂದ. ಕೂದಲು ಕತ್ತರಿಸುವವಳು ತುಟಿ ಕಚ್ಚಿ ನಗು ತಡೆದಳು. ಬೀರುವಿನ ಕಪ್ಪಿನ ಬಗ್ಗೆ ಕೇಳಿದಾಗ, ತಾನು ಬರುವ ಮುಂಚೆಯೇ ಅದು ಮೇಜಿನ ಮೇಲಿತ್ತು, ತನಗೇನು ಗೊತ್ತು ಎಂದ. ಅದೂ ನಿಜವೇ.

ಕಡೆಗೆ ಮಾರ್ಟೆ ಬಂದು ಸಾಕ್ಷಿಯ ಜಾಗದಲ್ಲಿ ನಿಂತಳು. ಅವನಿಂದ ನಾಲ್ಕು ಮಾರು ದೂರ. ಪರದೆಯ ಮೇಲೆ ಫೋಟೋ ಬಂತು, ಅವನ ಅಡುಗೆಮನೆ ಗೋಡೆಯಷ್ಟಗಲ.

"ಈ ಕಪ್?" ಎಂದು ಪೊಲೀಸರ ಕಡೆಯ ವಕೀಲ ಕೇಳಿದ.

"ಅದ್ರಲ್ಲಿ ನನಗೆ ಕಾಫಿ ಕೊಟ್ರು" ಎಂದಳು ಮಾರ್ಟೆ. ನಿಧಾನವಾಗಿ ಸೇರಿಸಿದಳು: "ಯಾರಿಗೆ ಅಂತ ಇಟ್ಟಿದ್ರೋ ನಾನು ಕೇಳ್ಲಿಲ್ಲ. ಯಾರು ಕೂತಿದ್ರೂ ಅದ್ರಲ್ಲೇ ಕೊಡ್ತಿದ್ರೇನೋ." ಹುಡುಗಿ ಮತ್ತೊಂದು ಬಾಗಿಲು ತೆರೆದಿಟ್ಟಿದ್ದಳು. ಈ ಸಲ ಐಲಿವನಿಗೂ ಅದು ಕಾಣಿಸಿತು.

ನ್ಯಾಯಾಧೀಶೆ ಅವನ ಕಡೆ ತಿರುಗಿದಳು. "ಸಾಕ್ಷಿ ಹೇಳಿದ್ರ ಬಗ್ಗೆ ನೀವೇನಾದ್ರೂ ಹೇಳೋದಿದ್ಯಾ? ಆ ಕಪ್ ಯಾರಿಗೆ ಇಟ್ಟಿದ್ರಿ?"

ಮಾತು ನಾಲಿಗೆ ತುದಿಯಲ್ಲೇ ಇತ್ತು. ಯಾರಾದ್ರೂ ಬಂದ್ರೆ ಇರ್ಲಿ ಅಂತ. ಹೇಳಲು ಎದ್ದು ನಿಂತ. ಎದುರಿಗೆ ಮಾರ್ಟೆ ನಿಂತಿದ್ದಳು, ಅವನ ಮನೆಗೆ ಬಂದು, ಅವನ ಮೇಜಿಗೆ ಕೂತು, ಆ ಕಪ್ಪಿಗೆ ತುಟಿ ಇಟ್ಟವಳು. ಅವಳ ಮುಖ ನೋಡಿಕೊಂಡು, ಅದು ನಿನಗೆ ಇಟ್ಟದ್ದಲ್ಲ, ನೀನಲ್ಲದಿದ್ದರೆ ಯಾವ ದಾರಿಹೋಕನಾದರೂ ಆಗುತ್ತಿತ್ತು ಎಂದು ಹೇಳಬೇಕು. ಪೊಲೀಸರಿಗೆ, ಕೋರ್ಟಿಗೆ ಸುಳ್ಳು ಹೇಳಲು ಅವನು ಸಿದ್ಧನಾಗಿಯೇ ಬಂದಿದ್ದ, ಆ ಮಟ್ಟಿಗೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಮನೆಗೆ ಬಂದವಳ ಕೈಯಿಂದ ಕಪ್ ಕಿತ್ತುಕೊಳ್ಳಬೇಕಾದೀತೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಓಡ್ನಿ ಇದ್ದಿದ್ದರೆ ಏನೆನ್ನುತ್ತಿದ್ದಳು ಎಂದು ಯೋಚಿಸಲೂ ಇಲ್ಲ. ಅವಳ ಜೊತೆ ಅಷ್ಟು ವರ್ಷ ಬಾಳಿದ ಬಾಯಿ ತಾನೇ ಮಾತಾಡಿಬಿಟ್ಟಿತು.

"ಅವ್ಳಿಗೆ" ಎಂದ. "ಪೊಲೀಸರು ಬರ್ತಾರೆ ಅಂತ ಇಟ್ಟಿದ್ದು. ಅವ್ರು ನಮ್ಮನೆಗೆ ಬಂದಿದ್ದು ಅದೇ ಮೊದಲು."

ಸಿನ್ನೋವೆ ಪೆನ್ನು ಕೆಳಗಿಟ್ಟಳು. ಆಮೇಲೆ ಎದ್ದು ಚೆನ್ನಾಗಿಯೇ ವಾದ ಮಾಡಿದಳು: ಪೊಲೀಸರನ್ನು ನೆಂಟರ ಹಾಗೆ ಕಾದವನು ಅಪರಾಧಿಯ ಹಾಗೆ ಕಾದನೆಂದು ಹೇಗೆ ಹೇಳುತ್ತೀರಿ, ಅವರು ಕಡವೆಯ ವಿಷಯಕ್ಕೆ ಬರುತ್ತಾರೆಂದುಕೊಂಡ, ತನ್ನ ವಿಷಯಕ್ಕಲ್ಲ ಎಂದಳು. ಪಂಚರಲ್ಲಿದ್ದ ಆ ಹೆಂಗಸಿನ ಕಣ್ಣು ಒದ್ದೆಯಾಗಿತ್ತು. ಮಾರ್ಟೆ ನೆಲ ನೋಡುತ್ತ ನಿಂತಿದ್ದಳು. ಹಿಂದಿನ ಬೆಂಚಿನಲ್ಲಿ ಮಾಗ್ನಾರ್ ತಲೆ ಮೇಲೆ ಕೈ ಹೊತ್ತು ಕೂತಿದ್ದ.

ಒಂದು ವಾರ ಬಿಟ್ಟು ತೀರ್ಪು ಬಂತು. ಅಪಘಾತ ಮಾಡಿ ಪೊಲೀಸರನ್ನು ಕಾಯುವವನಿಗೆ, ಅವರು ತನ್ನನ್ನೂ ವಿಚಾರಿಸಬಹುದೆಂದು ತಿಳಿಯಲೇಬೇಕಿತ್ತು ಎಂದಿತು ಕೋರ್ಟು. ಜೈಲು ಅಮಾನತಿನಲ್ಲಿ, ದಂಡ, ಒಂದೂವರೆ ವರ್ಷ ಲೈಸೆನ್ಸು ಇಲ್ಲ. ಆರೋಪಿ ಸತ್ಯವಂತನೆಂಬುದರಲ್ಲಿ ಅನುಮಾನವಿಲ್ಲ ಎಂದೂ ಒಂದು ವಾಕ್ಯ ಬರೆದಿದ್ದರು. ಆ ವಾಕ್ಯವನ್ನು ಇಟ್ಟುಕೊಂಡು ಏನು ಮಾಡುವುದು, ಗಂಜಿಗೆ ಹಾಕಿ ಕಲಸುವುದೇ? ಸಿನ್ನೋವೆ ಫೋನ್ ಮಾಡಿ ಮೇಲ್ಮನವಿ ಹಾಕೋಣವೇ ಎಂದಳು.

"ಅಲ್ಲೂ ಕೇಳ್ತಾರೆ ತಾನೆ, ಕಪ್ ಯಾರಿಗೆ ಅಂತ?"

"ಕೇ‍ಳ್ತಾರೆ."

"ಬೇಡ ಬಿಡಿ."

ಲೈಸೆನ್ಸು ತೆಗೆದುಕೊಂಡು ಹೋಗಲು ಮಾರ್ಟೆಯೇ ಬಂದಳು. ಬೇರೆಯವರನ್ನು ಕಳಿಸುತ್ತೇವೆಂದರೂ ಅವಳು ಕೇಳಿರಲಿಲ್ಲವಂತೆ. ಐಲಿವ್ ಕಿಟಕಿಯ ಬಳಿ ಅದೇ ಕಪ್ ಇಟ್ಟು ಕಾಫಿ ಬಗ್ಗಿಸಿದ. ಅವಳು ತಳ ಕಾಣುವವರೆಗೆ ಕುಡಿದಳು, ಕಾರ್ಡನ್ನು ಜೇಬಿಗೆ ಹಾಕಿಕೊಂಡಳು. "ಅದೊಂದು ಮಾತು ಹೇಳಿದ್ರೆ ಆಗ್ತಿತ್ತು ನೀವು" ಎಂದಳು ಬಾಗಿಲಲ್ಲಿ ನಿಂತು. ಅವನು ತಲೆಯಾಡಿಸಿದ.

ಊರವರು ಕೈಬಿಟ್ಟರೆನ್ನಬೇಡಿ. ಎಲ್ಲರೂ ಬಂದು ವಿಚಾರಿಸಿದರು. ಆದರೆ ಓಡ್ನಿ ಉಣ್ಣುವ ಹೊತ್ತೂ ಹಸು ಕರೆಯುವ ಹೊತ್ತೂ ಒಂದೇ. ಆ ಹೊತ್ತಿಗೆ ಕಣಿವೆಯಲ್ಲಿ ಲೈಸೆನ್ಸು ಇದ್ದವರೆಲ್ಲ ಕೊಟ್ಟಿಗೆಯಲ್ಲಿರುತ್ತಾರೆ. ಕೊಟ್ಟಿಗೆ ಇಲ್ಲದವನು ಮಾಗ್ನಾರ್ ಒಬ್ಬನೇ, ಅವನಿಗೆ ಲೈಸೆನ್ಸಿಲ್ಲ. ಈ ವಯಸ್ಸಿನಲ್ಲಿ ಮತ್ತೆ ಕಲಿಯುತ್ತೇನೆಂದು ಅವನು ಪಟ್ಟಣಕ್ಕೆ ಹೋದ, ಕಣ್ಣಿನ ಪರೀಕ್ಷೆಯಲ್ಲೇ ವಾಪಸು ಕಳಿಸಿದರು. ದಿನಾ ಟ್ಯಾಕ್ಸಿಗೆ ಕೊಡುವಷ್ಟು ಪಿಂಚಣಿ ಯಾರಿಗೆ ಬರುತ್ತದೆ. ಐಲಿವ್ ಆರೈಕೆ ಮನೆಯ ಹತ್ತಿರ ಬಾಡಿಗೆ ಮನೆಗೆ ಹೆಸರು ಬರೆಸಿದ, ಬೇಸಿಗೆ ಕಳೆಯಲಿ ಎಂದರು. ಉಳಿದದ್ದು ಶಾಲೆ ಮಕ್ಕಳ ಬಸ್ಸು. ಅದು ಬೆಳಿಗ್ಗೆ ಹೋಗಿ ಮಧ್ಯಾಹ್ನ ಹಿಂತಿರುಗುತ್ತದೆ.

ಮೊದಲ ದಿನ ಆ ಬಸ್ಸಿನಲ್ಲಿ ಅವನು ಹೋದ. ಮಾಗ್ನಾರ್ ತನ್ನ ಕೈಯಾರೆ ಮಾಡಿದ ವಾಫಲುಗಳನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದ. ಬಸ್ಸು ನಿಲ್ಲುವುದು ಆರೈಕೆ ಮನೆಯ ಹಿಂಬದಿಯಲ್ಲಿ. ಓಡ್ನಿ ಮುಂಬದಿಯ ಕಿಟಕಿಯಲ್ಲಿ ಕೂತಿದ್ದಳು. ಈ ಓಡಾಟದಲ್ಲಿ ತಪ್ಪಿದ ಕೆಲವು ಸಂಜೆಗಳಿಗೇ ತೋಳು ಸಣ್ಣಗಾಗಿತ್ತು, ಉಂಗುರ ಬೆರಳಿನಲ್ಲಿ ಸಡಿಲವಾಗಿ ತಿರುಗುತ್ತಿತ್ತು. ಅವನು ಒಳಗೆ ಬಂದು ಟೋಪಿ ತೆಗೆದ.

"ಓಡ್ನಿ."

ಅವಳು ತಿರುಗಿ ನೋಡಿದಳು, ಮರ್ಯಾದೆಯಿಂದ ಮುಗುಳ್ನಕ್ಕಳು. "ಬನ್ನಿ, ಕೂತ್ಕೊಳ್ಳಿ. ಯಾವ ಕಡೆಯೋರು ನೀವು?"

"ನಾನು ಕಣೇ, ಐಲಿವ್."

"ಗಾಡಿ ಎಲ್ಲಿ?"

ಅವಳು ಕಿಟಕಿಗೆ ಹಣೆಯಿಟ್ಟು ದೀಪದ ಕಂಬದ ಕೆಳಗೆ ನೋಡಿದಳು. ಅಲ್ಲಿ ಒತ್ತರಿಸಿದ ಹಿಮ ಬಿಟ್ಟರೆ ಏನೂ ಇರಲಿಲ್ಲ. ನರ್ಸ್ ಗಂಜಿ ತಂದಿಟ್ಟಳು. ಐಲಿವ್ ಚಮಚ ತುಂಬಿಸಿ ಅವಳ ಬಾಯಿಯ ಹತ್ತಿರ ಹಿಡಿದ. ಓಡ್ನಿ ಮೆತ್ತಗೆ ಅವನ ಮಣಿಕಟ್ಟು ಹಿಡಿದು ದೂರ ಸರಿಸಿದಳು.

"ಪಾಪ, ನೀವ್ಯಾಕೆ ಕಷ್ಟ ಪಡ್ತೀರ. ನಮ್ಮೋರು ಇನ್ನೇನು ಬರ್ತಾರೆ, ಆಮೇಲೆ ಉಣ್ತೀನಿ." ನಂತರ ನರ್ಸಿನ ಕಡೆ ತಿರುಗಿ, ಅಂಗಡಿ ನಡೆಸುತ್ತಿದ್ದ ಕಾಲದ ಗಟ್ಟಿ ದನಿಯಲ್ಲಿ ಹೇಳಿದಳು: "ಇವ್ರಿಗೆ ಗಾಡಿ ಇಲ್ಲ, ಬಸ್ಸಲ್ಲಿ ಬಂದಿರ್ಬೇಕು, ದೂರದೋರು. ಬೀರುವಿಂದ ಆ ಒಳ್ಳೆ ಕಪ್ ತಗೊಂಡು ಕಾಫಿ ಕೊಡಮ್ಮ."

ನರ್ಸಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಹೋಗಿ ಅಲ್ಲಿನ ದಪ್ಪ ಬಿಳಿ ಕಪ್ಪಿನಲ್ಲಿ ಕಾಫಿ ತಂದಳು. ಓಡ್ನಿ ಅದನ್ನು ಎರಡೂ ಕೈಯಿಂದ ತೆಗೆದುಕೊಂಡು ಅವನ ಮುಂದೆ ಇಟ್ಟು, ಹಿಡಿ ಅವನ ಬಲಗೈ ಕಡೆ ಬರುವಂತೆ ತಿರುಗಿಸಿದಳು. ಗಂಜಿ ಪಕ್ಕದಲ್ಲಿ ಆರುತ್ತಿತ್ತು. ಐಲಿವ್ ಕಾಫಿ ಕುಡಿದ. ಅವಳು ಅವನು ಕುಡಿಯುವುದನ್ನು ಸ್ವಲ್ಪ ಹೊತ್ತು ನೋಡಿ, ಮತ್ತೆ ಕಿಟಕಿಯ ಕಡೆ ಮುಖ ತಿರುಗಿಸಿ ಗಂಡನ ಗಾಡಿ ಕಾಯತೊಡಗಿದಳು.